ಎತ್ತರದ ಲೆಕ್ಕ

ಎಲ್ ಆಲ್ಟೊದ ಈ ಲ್ಯಾಬಿನಲ್ಲಿ
ನಾನು ಬರೀ ರಕ್ತ ತೆಗೆಯುವವನು, ಲಿಂಬರ್ಟ್.
ಅಂಕಿಗಳ ಅರ್ಥ ಹೇಳುವುದು ಡಾಕ್ಟರ ಕೆಲಸ
ಎಂದು ಗೋಡೆಯ ಮೇಲೇ ಬರೆದಿದೆ.

ಆದರೂ ಬಾಸಿಲಿಯಾ ತನ್ನ ಕಾಗದ ತಂದು
ಕಿಟಕಿಯ ಕಂಡಿಯಲ್ಲಿ ತುರುಕಿದಳು.
ಟೋಪಿಯ ಅಂಚಿಗೆ ಆಲಿಕಲ್ಲಿನ ಪುಡಿ,
ಎರಡು ಶಾಲು, ಅದರ ಮೇಲೊಂದು.
ನಡುಮಧ್ಯಾಹ್ನದ ಬಿಸಿಲಲ್ಲೂ ಚಳಿ, ಈಗ ಒಂದು ವರ್ಷದಿಂದ.
ಗುರುವಾರದ ಸಂತೆಯಲ್ಲಿ ಒಣ ಆಲೂಗಡ್ಡೆಯ ಮೂಟೆಯನ್ನು
ಒಬ್ಬಳೇ ಎತ್ತಿ ಒಗೆಯುತ್ತಿದ್ದವಳು
ತಕ್ಕಡಿ ಎತ್ತಿದರೂ ಸಾಕು, ಕೂರುತ್ತಾಳೆ.

ಮಗಳಿರುವುದು ಕೆಳಗೆ, ಸಾಂತಾಕ್ರೂಸಿನಲ್ಲಿ.
ಸೆಕೆಯ ಊರು, ನೆಲಕ್ಕಂಟಿದ ಊರು.
ಮೊಮ್ಮಗುವನ್ನು ನೋಡಲು ಹೋದಾಗ ಅಲ್ಲೇ ಮಾಡಿಸಿದ ಪರೀಕ್ಷೆ:
ಹಿಮೋಗ್ಲೋಬಿನ್ ಹದಿಮೂರು ಪಾಯಿಂಟ್ ನಾಲ್ಕು.
ಪಕ್ಕದ ಕಂಸದೊಳಗೆ, ಹನ್ನೆರಡರಿಂದ ಹದಿನಾರು.
ಅದರ ಮುಂದೆ ನಕ್ಷತ್ರವಿಲ್ಲ, ಕೆಂಪು ಗೆರೆಯಿಲ್ಲ.

"ರಕ್ತ ಸರಿಯಿದೆಯಂತೆ.
ಹಾಗಾದರೆ ನನ್ನನ್ನು ಕದ್ದವರು ಯಾರು?"

ಅವಳ ಅನುಮಾನ ಕರಿಸಿರಿಯ ಮೇಲೆ.
ಒರುರೊ ಬಸ್ಸಿನಲ್ಲಿ ನಿದ್ದೆ ಹೋದವರ
ಪಕ್ಕೆಯಿಂದ ಕೊಬ್ಬು ತೆಗೆದು
ಗಾಯವೂ ಕಾಣದಂತೆ ಯಾವುದೋ ತಿರುವಿನಲ್ಲಿ
ಇಳಿದುಹೋಗುವವನು.
ನಮ್ಮಜ್ಜಿ ಬತ್ತಿ ಸತ್ತದ್ದೂ ಅವನಿಂದಲೇ ಅನ್ನುತ್ತಾರೆ ಮನೆಯಲ್ಲಿ.
ನಾನು ನಗಲಿಲ್ಲ.
ಸಿರಿಂಜು ಹಿಡಿದವನು ಆ ಕಥೆಗೆ ನಗಬಾರದು.

ಡಾಕ್ಟರ ಬಾಗಿಲು ಇನ್ನೂ ಮುಚ್ಚಿತ್ತು.
ಕಾಗದ ಮಗುಚಿ ಬೆನ್ನಿಗೊಂದು ಬೆಟ್ಟ ಬರೆದೆ.
ಬುಡದಲ್ಲಿ ಮಗಳ ಊರು. ನೆತ್ತಿಯಲ್ಲಿ ನಮ್ಮದು.
"ಅಲ್ಲಿ ಗಾಳಿ ದಪ್ಪ, ಅಮ್ಮಾ. ಹನ್ನೆರಡು ಹಮಾಲರು ಸಾಕು.
ಇಲ್ಲಿಯದು ನೀರು ಕೂಡಿಸಿದ ಸಾರು,
ಅಷ್ಟೇ ಉಸಿರು ಹೊರಲು ಹದಿನೈದು ಮಂದಿಯಾದರೂ ಬೇಕು.
ನಿನ್ನಲ್ಲಿರುವುದು ಹದಿಮೂರು ಚಿಲ್ಲರೆ.
ಆ ಕಂಸ ಹಾಕಿದವರು ಈ ಮೆಟ್ಟಿಲು ಹತ್ತಿಲ್ಲ."

ವ್ಯಾಪಾರದ ಹೆಂಗಸು, ತೂಕದ ಮೋಸ ಬೇಗ ತಿಳಿಯುತ್ತದೆ.
"ಅಂದರೆ ಅವರ ಕಿಲೋ ಬೇರೆ, ನಮ್ಮ ಕಿಲೋ ಬೇರೆ."
ಹೂಂ, ಅಂದೆ. ಮಿಕ್ಕಿದ್ದಕ್ಕೂ ಬಾಯಿ ಬಂತು.

ಫೆರಿಟಿನ್ ಆರು:
ಕಣಜದ ತಳವನ್ನು ಚಿಪ್ಪು ಕೆರೆದ ಸದ್ದು.
ಟಿಎಸ್‌ಎಚ್ ಹದಿನೆಂಟು.
"ಇದು ಜಾಸ್ತಿ ಇದೆಯಲ್ಲ, ಒಳ್ಳೆಯದೇ?"
ಗಂಟಲ ಗ್ರಂಥಿ ಮಲಗಿಬಿಟ್ಟಿದೆ, ಅಮ್ಮಾ,
ಮೆದುಳು ಹೊರಗೆ ನಿಂತು ಬಾಗಿಲು ಬಡಿಯುತ್ತಿದೆ.
ಒಳಗಿನವರು ಏಳದಷ್ಟೂ ಬಡಿತ ಜೋರು.
ಆ ಹದಿನೆಂಟು, ಬಡಿತದ ಎಣಿಕೆ.

ಗ್ರಂಥಿ ಮಲಗಿತೆಂದು ಮುಟ್ಟಿನ ದಿನಗಳು ಮುಗಿಯಲೊಲ್ಲವು.
ಮುಟ್ಟು ಮುಗಿಯಲೊಲ್ಲದೆಂದು ಕಬ್ಬಿಣ ಸೋರಿತು.
ಕಬ್ಬಿಣ ಸೋರಿತೆಂದು ಗ್ರಂಥಿಗೆ ಏಳಲು ಕಸುವಿಲ್ಲ.
ಮೊದಲು ಯಾವುದು ಅಂತ ಕೇಳಿದಳು.
ನನಗೆ ಗೊತ್ತಿರಲಿಲ್ಲ.

ಡಾಕ್ಟರು ಬಂದರು. ಎರಡು ಮಾತ್ರೆ, ಎರಡು ಗಡಿಯಾರ.
ಗ್ರಂಥಿಯದು ನಸುಕಿಗೆ, ಖಾಲಿ ಹೊಟ್ಟೆಗೆ,
ಮೊದಲ ಕೇಬಲ್ ಕಾರು ಕದಲುವ ಮುಂಚೆ.
ಕಬ್ಬಿಣದ್ದು ನಾಲ್ಕು ತಾಸು ಬಿಟ್ಟು, ಕಾಫಿ ಸೋಕದಂತೆ.
ಜೊತೆಗೆ ನುಂಗಿದರೆ
ಒಂದು ಇನ್ನೊಂದನ್ನು ಒಳಗೆ ಬಿಡುವುದಿಲ್ಲ.
"ಓರಗಿತ್ತಿಯರು!" ಎಂದು ನಕ್ಕಳು ಬಾಸಿಲಿಯಾ,
ಆ ವರ್ಷದಲ್ಲಿ ಅದೇ ಮೊದಲ ನಗೆಯೋ ಏನೋ,
ನಕ್ಕು ಏದುಸಿರಿಗೆ ಕುರ್ಚಿಯ ತೋಳು ಹಿಡಿದಳು.
"ಒಂದೇ ಒಲೆಗೆ ಬಿಡಬಾರದು, ನನಗೆ ಗೊತ್ತು."

ಮೂರು ತಿಂಗಳಿಗೆ ಇನ್ನೊಂದು ಟ್ಯೂಬು ರಕ್ತ, ಎಂದು ಬರೆದುಕೊಟ್ಟೆ.
ಬೆಟ್ಟದ ಕಡೆ ಮೇಲಾಗಿ ಬರುವಂತೆ
ಕಾಗದ ಮಡಚಿ ಶಾಲಿನ ಗಂಟಿಗೆ ಸೇರಿಸಿದಳು.
ಹೊಸ್ತಿಲಲ್ಲಿ ತಿರುಗಿ ನಿಂತಳು.

"ಹಾಗಾದರೆ ಕರಿಸಿರಿ ಅಲ್ಲ?"

ಅಲ್ಲ, ಅಂದೆ.
ಆಮೇಲೆ, ಯಾಕೋ, ದನಿ ತಗ್ಗಿಸಿ:
ಆದರೂ ಬಸ್ಸಿನಲ್ಲಿ ಮಾತ್ರ ಮಲಗಬೇಡ.